ಗಣಿ ಧಣಿಗೆ ನೀರು ಬಂತು

ನಮ್ಮ ಕಾರ್ಖಾನೆಯ ಕನ್ನಡ ಸಂಘದ ಸಂಚಿಕೆಗೆ ಒಂದು ಮೊಬೈಲ್ ಆಟದ ವಿಮರ್ಶೆ ಬರೆದುಕೊಡುತ್ತೇನೆಂದು ನಾನೇ ಮೈಮೇಲೆ ಎಳೆದುಕೊಂಡೆ. ಆಟದ ಹೆಸರು ‘ಗಣಿ ಧಣಿ’. ಒಂದು ಗುಂಡಿಯಿಂದ ಶುರುಮಾಡಿ ಚಿನ್ನದ ಸಾಮ್ರಾಜ್ಯ ಕಟ್ಟಬೇಕು. ಕೆಜಿಎಫ್‌ನಲ್ಲೇ ಕೂತು ಚಿನ್ನದ ಗಣಿಯ ಆಟವನ್ನು ಒರೆಗೆ ಹಚ್ಚಲು ನನಗಿಂತ ಯೋಗ್ಯ ಇನ್ನಾರು!

ಆಟ ತೆರೆಯುವಷ್ಟರಲ್ಲಿ ಹೆಂಡತಿ ಆದಿಲಕ್ಷ್ಮಿ ಎದುರು ನಿಂತಳು.

“ರೀ, ಬಂಗಾರಪೇಟೆಯಿಂದ ಅಮ್ಮ ಬತ್ತಾವ್ರೆ. ಉರಿಗಾಂ ಸ್ಟೇಷನ್‌ಗೆ ಓಗಿ ಕರ್ಕೊಂಡ್ ಬತ್ತೀನಿ. ಟ್ಯಾಂಕರ್ ಆರನ್ ಒಡೆದ್ರೆ ಡ್ರಮ್ ತುಂಬಿಸ್ಕೊಳ್ಳಿ. ಓದ್ಸಲ ನೀರಿಲ್ಲ ಅಂತ ಅಮ್ಮ ಬಂದ ರೈಲಲ್ಲೇ ವಾಪಸ್ ಓದ್ರು. ಈ ಸಲಾನೂ ಅಂಗೇ ಆದ್ರೆ ಅವರ ಜೊತೆ ನಾನೂ ರೈಲು ಅತ್ತೀನಿ!”

“ಒಂದು ಸಾಮ್ರಾಜ್ಯವನ್ನೇ ನಡೆಸೋನಿಗೆ ಒಂದು ಡ್ರಮ್ ಹೆಚ್ಚೇ? ಹೋಗ್ಬಾ!”

ಆಟ ಮೊದಮೊದಲು ಬಲು ಸಲೀಸು. ಬೆರಳಿಟ್ಟಲ್ಲೆಲ್ಲ ಚಿನ್ನ! ಆಮೇಲೆ ಶುರುವಾಯಿತು ನೋಡಿ ಪೀಡೆ. ಗುದ್ದಲಿ ಬೇಕೇ? ಜಾಹೀರಾತು ನೋಡು. ಲಾಟೀನು ಬೇಕೇ? ಇನ್ನೊಂದು ನೋಡು. ಅದಿರಿನ ಲಾರಿಯಂತೂ ಹೊತ್ತಿಲ್ಲ ಗೊತ್ತಿಲ್ಲ, ಪೋಂ ಪೋಂ ಎಂದು ಹಾರನ್ ಹೊಡೆಯುತ್ತದೆ, ತಟ್ಟಿದರಷ್ಟೇ ಕಾಸು. ತಟ್ಟಿ ತಟ್ಟಿ ಬೆರಳು ಸವೆಯಿತು. ಸಾಲದ್ದಕ್ಕೆ ಗಣಿಗೆ ನೀರು ನುಗ್ಗಿತು! ಪಂಪ್ ಒತ್ತುತ್ತ ಕೂತೆ.

ಮತ್ತೆ ಹಾರನ್. ತಟ್ಟಿದೆ. ನಿಲ್ಲಲಿಲ್ಲ. ಇನ್ನೂ ಜೋರಾಗಿ ತಟ್ಟಿದೆ. ‘ಶಬ್ದ ಅಮೋಘ! ಲಾರಿ ನಮ್ಮ ಬಾಗಿಲಲ್ಲೇ ನಿಂತಂತಿದೆ!’ ಎಂದು ವಿಮರ್ಶೆಯಲ್ಲಿ ಬರೆದುಕೊಂಡೆ.

ಪಕ್ಕದ ಮನೆಯ ಸೆಲ್ವರಾಜ್ ಹೊರಗಿನಿಂದ ಕೂಗಿದ: “ಸಾರ್, ತಣ್ಣಿ ವಂದುಡ್ಚು! ನೀರು ಬಂತು!”

“ಗೊತ್ತಪ್ಪಾ! ಪಂಪ್ ಮಾಡ್ತಾನೇ ಇದೀನಿ!” ಎಂದೆ.

ಹಾರನ್ ನಿಂತಿತು. ಸ್ವಲ್ಪ ಹೊತ್ತಿಗೆ ಆದಿಲಕ್ಷ್ಮಿ ಒಳಬಂದಳು. ಹಿಂದೆ ಅತ್ತೆ ಅಮ್ಮಾಜಮ್ಮ, ಕೈಯಲ್ಲೊಂದು ಚೀಲ, ಒಂದು ಕ್ಯಾನು. ಹೆಂಡತಿ ಡ್ರಮ್ ಬಡಿದಳು. ಡಣ್ ಎಂದಿತು.

“ನೀರೆಲ್ರೀ?”

“ಈಗಷ್ಟೇ ಎಲ್ಲಾ ಹೊರಗೆ ಹಾಕಿದೆ ಕಣೇ...”

“ಏನಂದ್ರೀ?!”

“ಗಣೀದು!”

ಆಮೇಲೆ ಅವಳು ನನ್ನ ನೀರಿಳಿಸಿದ ಪರಿಯನ್ನು ಇಲ್ಲಿ ಬರೆಯಲಾರೆ. ಬೆವೆತು ಅಡುಗೆಮನೆಗೆ ಓಡಿದೆ. ಅಲ್ಲಿತ್ತು ಅತ್ತೆಯ ಕ್ಯಾನು, ತುಂಬ ತಿಳಿನೀರು! ಎಷ್ಟಾದರೂ ಹಿರಿಯರು, ಬರುವಾಗಲೇ ನೀರು ಹೊತ್ತು ತಂದಿದ್ದಾರೆ ಎಂದು ಮನಸಾರೆ ಕೈಮುಗಿದು, ಬೊಗಸೆ ತುಂಬ ಸುರಿದುಕೊಂಡು ಮುಖಕ್ಕೆ ಎರಚಿಕೊಂಡೆ.

ಅಯ್ಯಯ್ಯೋ! ಬಂಗಾರಪೇಟೆಯ ಪಾನಿಪುರಿಯ ಪಾನಿಗೆ ಬಣ್ಣವಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತು. ಆ ಊರಿನ ಅಳಿಯನಿಗೇ ಮರೆತಿತ್ತು! ಪಾನಿಗೆ ಖಾರ ಹಾಕಲು ಮಾತ್ರ ಯಾರೂ ಮರೆತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕುಣಿದೆ. “ನೀರು! ನೀರು!” ಎಂದು ಅರಚಿದೆ. ಕೊಡೋಣವೆಂದರೆ ಮನೆಯಲ್ಲಿ ತೊಟ್ಟು ನೀರಿಲ್ಲ. ಹಾಲ್‌ನಲ್ಲಿ ಫೋನು ಪೋಂ ಪೋಂ ಎನ್ನುತ್ತಿತ್ತು.

“ಓಗಿ ತಟ್ರೀ, ಕಾಸು ಬತ್ತದೆ!” ಎಂದಳು ಆದಿಲಕ್ಷ್ಮಿ. “ಅಮ್ಮಾ, ನಡಿ, ರೈಲಿಗೆ ಓಗಾನ.”

ಅತ್ತೆ ಬಗ್ಗಿ ನನ್ನ ಮುಖವನ್ನೇ ನೋಡಿದರು. ಎರಡೂ ಕೆನ್ನೆಯ ಮೇಲೆ ಧಾರಾಕಾರ.

“ಇರ್ಲಿ ಕೂತ್ಕೋ ಆದೀ. ಓದ್ಸಲ ಈ ಮನೇಲಿ ಎಲ್ಲೂ ನೀರಿರ್ಲಿಲ್ಲ. ಈ ಸಲ ಅಳಿಯಂದ್ರ ಕಣ್ಣಾಗಾದ್ರೂ ಬಂದದಲ್ಲ!”