ತಟ್ಟೆ ಬೀಳುವ ಜಾಗ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ತಟ್ಟೆ. ಹಿಂದಿನ ಶನಿವಾರ ಹೋಟೆಲಿನ ಊಟದ ಕೋಣೆಯಲ್ಲಿ ನಮ್ಮ ಹಾಡುಗಾರ್ತಿ ತನ್ನ ಪಾಡಿಗೆ ತಾನು ಒಂದು ಹಳೆಯ ಪ್ರೇಮಗೀತೆ ಹಾಡುತ್ತಿದ್ದಾಗ, ಸಪ್ಲೈಯರ್ ಒಬ್ಬ ಕೈಜಾರಿ ಸ್ಟೀಲಿನ ದೊಡ್ಡ ತಟ್ಟೆಯನ್ನು ಚಮಚಗಳ ಸಮೇತ ಕೆಡವಿದ. ಬೇರೆಯವರಾಗಿದ್ದರೆ ಹಾಡು ನಿಲ್ಲಿಸಿ ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ಈಕೆ ಆ ಸದ್ದಿಗೇ ಉತ್ತರ ಕೊಟ್ಟಳು. ತಟ್ಟೆ ಉರುಳಿದ ಹಾಗೇ ದನಿಯನ್ನು ಉರುಳಿಸಿ, ಚಮಚಗಳು ಚೆಲ್ಲಾಪಿಲ್ಲಿಯಾದ ಹಾಗೇ ಅರ್ಥವಿಲ್ಲದ ಅಕ್ಷರಗಳನ್ನು ಸುರಿದು, ಕೊನೆಗೆ ಏನೂ ಆಗದವಳಂತೆ ಪ್ರೇಮಗೀತೆಗೆ ಮರಳಿದಳು. ಊಟಕ್ಕೆ ಬಂದಿದ್ದವರೊಬ್ಬರು ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು.

ಆಕೆ ಹಾಡುತ್ತಿದ್ದದ್ದು ಜಾಜ್. ಇದರಲ್ಲಿ ಹಾಡಿಗೆ ಮಾತು, ರಾಗ, ತಾಳ ಎಲ್ಲ ಇರುತ್ತವೆ. ಆದರೆ ಹಾಡುವವರು ಅವುಗಳ ಮಾತು ಕೇಳಬೇಕೆಂಬ ಕಟ್ಟುಪಾಡಿಲ್ಲ. ಹದಿನಾರರ ವಯಸ್ಸಿನಲ್ಲಿ, ಜ್ವರ ಬಂದ ದೊಡ್ಡ ಗಾಯಕಿಯೊಬ್ಬರ ಬದಲಿಗೆ ಈಕೆಯನ್ನು ವೇದಿಕೆಗೆ ತಳ್ಳಿದ್ದರು. ಎರಡನೇ ಸಾಲಿಗೇ ಮಾತು ಮರೆತುಹೋಯಿತು. ಹೆದರಿಕೆಗೆ ಬಾಯಿಗೆ ಬಂದಂತೆ 'ದೂಬಿ ದೂಬಿ ದಾ' ಎಂದು ತುಂಬಿಸಿಕೊಂಡು ಹೋದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದಿನಿಂದ ಒಂದು ಹಾಡನ್ನು ಒಮ್ಮೆ ಹಾಡಿದ ಹಾಗೆ ಇನ್ನೊಮ್ಮೆ ಹಾಡಿದವಳಲ್ಲ. ಅವಳಿದ್ದ ಕಟ್ಟಡದವರೆಲ್ಲ ಅವಳನ್ನು ದೂಬಿಯಕ್ಕ ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಈ ಶನಿವಾರ ಬೆಳಿಗ್ಗೆ ದೂಬಿಯಕ್ಕ ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಹೋಟೆಲಿನ ಹೊಸ ಮ್ಯಾನೇಜರ್ ಫೋನ್ ಮಾಡಿದ. ವಿಡಿಯೋ ನೋಡಿ ಮಾಲೀಕರು ಬಹಳ ಮೆಚ್ಚಿದ್ದಾರೆ, ಇವತ್ತು ಸಂಜೆ ಖುದ್ದಾಗಿ ಬರುತ್ತಿದ್ದಾರೆ, ಅದರಲ್ಲಿ ಹೇಗಿದೆಯೋ ಹಾಗೇ ಹಾಡಬೇಕು ಎಂದ.

"ಹಾಗೇ ಅಂದ್ರೆ?" ಎಂದು ಕೇಳಿದಳು ದೂಬಿಯಕ್ಕ.

"ಹಾಗೇ ಅಂದ್ರೆ ಹಾಗೇ ಮೇಡಂ. ಒಂದಕ್ಷರ ಆಚೀಚೆ ಆಗೋ ಹಾಗಿಲ್ಲ. ಕಷ್ಟ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ, ಸ್ಪೀಕರಿಗೆ ಆ ವಿಡಿಯೋನೇ ಜೋಡಿಸ್ತೀವಿ. ಮುಂದಕ್ಕೂ ಅದೇ ಅನುಕೂಲ."

ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಬೇರೆ ಯಾರೋ ಎಳೆಯ ಗಾಯಕಿ ಬಂದು ಜಾಗ ಕಿತ್ತುಕೊಂಡರೆ ಅತ್ತು ಸುಮ್ಮನಾಗಬಹುದಿತ್ತು. ಇಲ್ಲಿ ಅವಳ ದನಿಯೇ ಅವಳನ್ನು ಹೊರಗೆ ಹಾಕಲು ಬಂದಿತ್ತು. ಸಂಗೀತವಿದ್ದ ಉಳಿದ ಹೋಟೆಲುಗಳೆಲ್ಲ ಒಂದೊಂದಾಗಿ ಪಿಯಾನೋ ಮಾರಿ ಟೀವಿ ಹಾಕಿಕೊಂಡಿದ್ದವು. ಊರಿನಲ್ಲಿ ಉಳಿದಿದ್ದದ್ದು ಅದೊಂದೇ ಪಿಯಾನೋ, ಅವಳಿಗೆ ಉಳಿದಿದ್ದದ್ದು ಅದೊಂದೇ ಶನಿವಾರ. ವಾರದ ಮಿಕ್ಕ ದಿನಗಳನ್ನೆಲ್ಲ ಆಕೆ ಆ ಒಂದು ಸಂಜೆಗಾಗಿ ಹೇಗೋ ದೂಡುತ್ತಿದ್ದಳು. ಅದು ಹೋದರೆ ತಾನು ಬರೀ ಬಟ್ಟೆ ಹಿಂಡುವವಳು ಎಂದು ಅನಿಸಿ ಆಕೆಗೆ ನಿಜವಾಗಿಯೂ ಭಯವಾಯಿತು. "ಹಾಡ್ತೀನಿ" ಎಂದಳು.

ಹೇಳಿದ ಮೇಲೆ ನೆನಪಾಯಿತು: ಆವತ್ತು ತಾನು ಏನು ಹಾಡಿದೆ ಎಂಬುದು ಅವಳಿಗೆ ಸುತರಾಂ ಗೊತ್ತಿರಲಿಲ್ಲ.

ಈ ಕಷ್ಟವನ್ನು ಆಕೆ ಹೇಳಿಕೊಂಡದ್ದು ಗಂಡನೊಬ್ಬನ ಹತ್ತಿರ. ಆದರೆ ಎದುರು ಮನೆಯ ಟೈಲರಮ್ಮನಿಗೆ ಹೊಲಿಗೆ ಮಿಶನ್ ನಿಲ್ಲಿಸಿ ಆಲಿಸುವ ಅಭ್ಯಾಸ. ಆಕೆ ಮಹಡಿ ಮೇಲಿನ ಲೆಕ್ಕದ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ನಿವೃತ್ತರಾಗಿದ್ದರೂ ಪಾಠ ಮಾಡುವ ಚಪಲ ನಿವೃತ್ತವಾಗಿರಲಿಲ್ಲ. ತಮ್ಮ ಕರಿಹಲಗೆಯನ್ನು ತಾವೇ ಹೊತ್ತುಕೊಂಡು ಇಳಿದುಬಂದರು. ತಿಂಡಿಯ ಹೊತ್ತಿಗೆ ದೂಬಿಯಕ್ಕನ ನಡುಮನೆಯಲ್ಲಿ ಒಂದು ಶಾಲೆ ಶುರುವಾಗಿತ್ತು.

ಮೇಷ್ಟ್ರು ವಿಡಿಯೋವನ್ನು ಮತ್ತೆ ಮತ್ತೆ ಓಡಿಸಿ, ಒಂದೊಂದೇ ಅಕ್ಷರ ಬಿಡಿಸಿ, ಹಲಗೆಯ ಮೇಲೆ ಸಾಲಾಗಿ ಬರೆದರು. ತಟ್ಟೆ ಬೀಳುವ ಜಾಗಕ್ಕೆ ಒಂದು ದೊಡ್ಡ ಸೊನ್ನೆ ಹಾಕಿದರು. ನಡುವೆ ಒಂದು ಕಡೆ ದನಿ ಕುಂಟಿದಂತಿತ್ತು. ಅದು ಬಿಕ್ಕಳಿಕೆ ಎಂದು ಟೈಲರಮ್ಮ, ಉಸಿರು ಎಂದು ಮೇಷ್ಟ್ರು. ದೂಬಿಯಕ್ಕ ಸಂಕೋಚದಿಂದ, ಆಗ ಸಪ್ಲೈಯರ್ ಮುಖ ನೋಡಿ ನಗು ಬಂತು, ನುಂಗಿಕೊಂಡೆ ಎಂದಳು.

"ಹಾಗಾದ್ರೆ ಇವತ್ತೂ ಅಲ್ಲೇ ನುಂಗ್ಬೇಕು" ಎಂದು ಮೇಷ್ಟ್ರು ಅದನ್ನೂ ಬರೆದುಕೊಂಡರು.

ಪಾಠ ನಡೆಯಿತು. ದೂಬಿಯಕ್ಕ ಮೊದಲ ಸಾಲಿನಲ್ಲಿ ವಿಧೇಯಳಾಗಿ ಹೊರಡುತ್ತಿದ್ದಳು. ಎರಡನೇ ಸಾಲಿಗೆ ಬರುವಾಗ ಹಗ್ಗ ಬಿಚ್ಚಿದ ಕರುವಿನ ಹಾಗೆ ಎತ್ತಲೋ ಓಡುತ್ತಿದ್ದಳು. ಮೇಷ್ಟ್ರು ಬೆತ್ತದಿಂದ ಹಲಗೆ ಕುಟ್ಟುತ್ತಿದ್ದರು.

"ಮತ್ತೆ ಬೇರೆ ಕಡೆ ಹೋದ್ರಿ."

"ಅಲ್ಲಿ ಚೆನ್ನಾಗಿತ್ತು ಮೇಷ್ಟ್ರೇ, ಹೋದೆ."

"ಚೆನ್ನಾಗಿರೋದು ಬೇಡಮ್ಮ, ಸರಿಯಾಗಿರೋದು ಬೇಕು. ಮೊದಲಿಂದ."

ಟೈಲರಮ್ಮ ತನ್ನ ಮಿಶನ್ನನ್ನೇ ಬಾಗಿಲಿಗೆ ಎಳೆದುಕೊಂಡು ಬಂದು, ಪೆಡಲು ತುಳಿದು ತಾಳ ಕೊಟ್ಟಳು. ಹಾಗೇ ಯಾರದೋ ಲಂಗಕ್ಕೆ ಅಂಚೂ ಹೊಲಿದು ಮುಗಿಸಿದಳು.

ಇನ್ನು ತಟ್ಟೆ. ಅದು ಬೀಳದೆ ಹಾಡು ಪೂರ್ತಿಯಾಗುವಂತಿರಲಿಲ್ಲ. ಅದನ್ನು ಬೀಳಿಸುವ ಕೆಲಸವನ್ನು ಗಂಡ ತಾನಾಗಿ ಒಪ್ಪಿಕೊಂಡ. ಆತ ಗಡಿಯಾರ ರಿಪೇರಿ ಮಾಡುವವನು. ಮದುವೆಯಾದಾಗಿನಿಂದ ಒಂದು ಶನಿವಾರವನ್ನೂ ತಪ್ಪಿಸದೆ ಹೋಟೆಲಿನ ಹಿಂದಿನ ಕಂಬದ ಪಕ್ಕ ಕೂತು ಹೆಂಡತಿಯ ಹಾಡು ಕೇಳಿದವನು. ತಾಳ ಎಲ್ಲಿದೆ ಎಂದು ಮಾತ್ರ ಇವತ್ತಿಗೂ ಗೊತ್ತಾಗಿರಲಿಲ್ಲ. ಅವಳಿಗಾಗಿ ಏನು ಬೇಕಾದರೂ ಮಾಡಲು ಸಿದ್ಧನಿದ್ದ. ತೊಂದರೆಯೆಂದರೆ, ಸಾಸಿವೆಯಷ್ಟು ತಿರುಪನ್ನು ಚಿಮಟದಲ್ಲಿ ಹಿಡಿಯುವ ಕೈ ಅದು. ಜನ್ಮದಲ್ಲಿ ಏನನ್ನೂ ಬೀಳಿಸಿದ ಕೈಯಲ್ಲ. ಮೇಷ್ಟ್ರು ಸನ್ನೆ ಮಾಡಿದಾಗ ಆತ ಬಗ್ಗಿ ತಟ್ಟೆಯನ್ನು ನೆಲದ ಮೇಲೆ ಮೆತ್ತಗೆ ಇಟ್ಟ.

"ಬಿಡಿ ರೀ, ಸುಮ್ನೆ ಕೈ ಬಿಡಿ" ಎಂದಳು ಹೆಂಡತಿ.

"ಬಿಡ್ತೀನಿ ಕಣೇ. ಆದ್ರೆ ತಟ್ಟೆ ಸೊಟ್ಟಗಾಗುತ್ತಲ್ಲ."

ಮುಂದಿನ ಸಲ ಮನಸ್ಸು ಗಟ್ಟಿಮಾಡಿ ಕಣ್ಣು ಮುಚ್ಚಿಕೊಂಡು ಬಿಟ್ಟ. ತಟ್ಟೆ ಮೇಷ್ಟ್ರ ಪಾದದ ಮೇಲೆ ಬಿತ್ತು. ಮೇಷ್ಟ್ರು ಒಂಟಿಕಾಲಿನಲ್ಲಿ ಕುಣಿಯುತ್ತಲೇ, ಹೊತ್ತು ಸರಿಯಿತ್ತು, ಜಾಗ ತಪ್ಪಾಯಿತು ಎಂದು ತೀರ್ಪು ಕೊಟ್ಟರು. ಆಮೇಲೆ ಮೆಟ್ಟಿಲ ಮೇಲೆ ಅಭ್ಯಾಸ ನಡೆಯಿತು. ಮಧ್ಯಾಹ್ನದವರೆಗೆ ತಟ್ಟೆ, ಚಮಚಗಳು ಬೀಳುತ್ತಲೇ ಇದ್ದವು. ಕೆಳಗಿನ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ ಬಂದು, ಗಡಿಯಾರದವನನ್ನು ಒಂದು ಪಕ್ಕಕ್ಕೆ ಕರೆದು, ಈ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಪಾತ್ರೆ ಎಸೆಯುವುದು ಶೋಭೆಯಲ್ಲಪ್ಪ, ಅವಳು ಅಳುವುದೂ ಒಂದು ನಮೂನೆ ವಿಚಿತ್ರವಾಗಿದೆ ಎಂದು ಬುದ್ಧಿ ಹೇಳಿದರು. ಆತ ತಲೆ ತಗ್ಗಿಸಿ, ಇನ್ನು ಮೇಲೆ ಎಸೆಯುವುದಿಲ್ಲ ಎಂದು ಮಾತು ಕೊಟ್ಟ.

ಸಂಜೆಯಾಗುವ ಹೊತ್ತಿಗೆ ಹಾಡು ಬಾಯಿಪಾಠವಾಯಿತು. ದೂಬಿಯಕ್ಕನಿಗೆ ಮಾತ್ರವಲ್ಲ, ಕಟ್ಟಡಕ್ಕೆಲ್ಲ. ಟೈಲರಮ್ಮ ಕತ್ತರಿ ಆಡಿಸುತ್ತ ಅದನ್ನೇ ಗುನುಗುತ್ತಿದ್ದಳು.

ಹೋಟೆಲಿನಲ್ಲಿ ಪಿಯಾನೋ ಅಣ್ಣ ಕಾಯುತ್ತಿದ್ದ. ಇವಳು ಹಾಡಲು ಶುರುಮಾಡಿದಾಗಿನಿಂದ ಜೊತೆಗೆ ನುಡಿಸುತ್ತ ಬಂದ ಹಳೆಯ ಗೆಳೆಯ ಅವನು. ದೂಬಿಯಕ್ಕ ಅವನ ಪಕ್ಕ ಕೂತು, ಮೊದಲು ಇಲ್ಲಿ ಹೋಗುತ್ತೇನೆ, ಆಮೇಲೆ ಅಲ್ಲಿ, ಅಲ್ಲಿ ನಗು ನುಂಗುತ್ತೇನೆ ಎಂದು ವಿವರಿಸಿದಳು. ಅವನ ಮುಖ ಇಳಿಯುತ್ತ ಹೋಯಿತು.

"ನೀನು ಎಲ್ಲಿಗೆ ಹೋಗ್ತೀಯ ಅಂತ ಮೊದ್ಲೇ ಗೊತ್ತಾದ್ರೆ ನಂಗೆ ನಿದ್ದೆ ಬರುತ್ತೆ ಕಣಮ್ಮ."

"ಇವತ್ತೊಂದು ದಿನ ಎಚ್ಚರ ಇರು" ಎಂದು ಬೇಡಿಕೊಂಡಳು.

ಮಾಲೀಕರು ಬಂದರು. ಸಣ್ಣ ಆಳು, ಬಿಳಿ ಕೂದಲು, ಒಣ ಕೆಮ್ಮು. ಮುಂದಿನ ಮೇಜಿಗೆ ಕೂತರು. ಮೇಷ್ಟ್ರು ಮತ್ತು ಟೈಲರಮ್ಮ ಒಂದೇ ಒಂದು ಕಾಫಿ ತರಿಸಿಕೊಂಡು ಹಿಂದಿನ ಮೇಜು ಹಿಡಿದಿದ್ದರು. ಗಂಡ ತಟ್ಟೆಯ ಸಮೇತ ಕಂಬದ ಹಿಂದೆ ನಿಂತ.

ದೂಬಿಯಕ್ಕ ಹಾಡಿದಳು. ಒಂದಕ್ಷರ ಆಚೀಚೆ ಆಗಲಿಲ್ಲ. ಮೇಷ್ಟ್ರ ಬೆರಳು ಎದ್ದಿತು, ತಟ್ಟೆ ಸರಿಯಾದ ಜಾಗಕ್ಕೆ ಬಿತ್ತು, ಚಮಚಗಳು ಚೆಲ್ಲಿದವು, ದನಿ ಅವುಗಳ ಹಿಂದೆ ಉರುಳಿತು, ನುಂಗಬೇಕಾದ ಕಡೆ ಬಾರದ ನಗುವನ್ನು ನುಂಗಿತು. ಪಿಯಾನೋ ಅಣ್ಣ ಒಂದೆರಡು ಸಲ ತೂಕಡಿಸಿದರೂ ಕೈ ತಪ್ಪಲಿಲ್ಲ. ಹಾಡುತ್ತಿದ್ದ ಅವಳಿಗೆ ಮಾತ್ರ, ತನ್ನದೇ ಉಡುಪನ್ನು ಯಾರಿಂದಲೋ ಬೇಡಿ ತಂದು ತೊಟ್ಟುಕೊಂಡ ಹಾಗೆ ಮುಜುಗರವಾಗುತ್ತಿತ್ತು. ಮುಗಿದಾಗ ಟೈಲರಮ್ಮ ಚಪ್ಪಾಳೆ ತಟ್ಟಿದಳು. ಮಾಲೀಕರು ತಟ್ಟಲಿಲ್ಲ. ಎದ್ದು ಬಂದು ವೇದಿಕೆಯ ಸ್ಪೀಕರಿನ ಹಿಂದೆ ಬಗ್ಗಿ ನೋಡಿದರು.

"ಟೇಪು ಚೆನ್ನಾಗಿದೆ" ಎಂದರು ಮ್ಯಾನೇಜರಿಗೆ. "ಆದ್ರೆ ಟೇಪು ಹಾಕೋದಾದ್ರೆ ಈಯಮ್ಮನ್ನ ಯಾಕೆ ನಿಲ್ಲಿಸಿದ್ದೀಯ? ಪಾಪ, ಬಾಯಾಡಿಸಿ ಸುಸ್ತಾಗಿದ್ದಾರೆ."

ಅದು ಟೇಪಲ್ಲ, ನಿಜವಾಗಿಯೇ ಹಾಡಿದ್ದು ಎಂದು ಮ್ಯಾನೇಜರ್ ಆಣೆ ಮಾಡಿದ.

"ನನಗೆ ವಯಸ್ಸಾಗಿದೆ, ಕಿವಿಗೆ ಆಗಿಲ್ಲ" ಎಂದರು ಮಾಲೀಕರು. "ಅದರಲ್ಲಿ ಬಿದ್ದ ತಟ್ಟೆ ಇದರಲ್ಲೂ ಬಿತ್ತು. ಅದೇ ಜಾಗದಲ್ಲಿ. ನಿಜವಾಗಿ ಹಾಡಿದ್ರೆ ತಟ್ಟೆ ಹಾಡು ಕಾದುಕೊಂಡು ಬೀಳುತ್ತೇನಯ್ಯ?"

ಈ ಮಾತು ಕೇಳಿ ಗಂಡನಿಗೆ ತಡೆಯಲಾಗಲಿಲ್ಲ. ಸಾಕ್ಷಿ ಹೇಳಲೆಂದು ತಟ್ಟೆ ಎತ್ತಿಕೊಂಡು ಕಂಬದ ಹಿಂದಿನಿಂದ ಧೈರ್ಯವಾಗಿ ಹೊರಗೆ ಬಂದ. ಮಾಲೀಕರು ಅವನನ್ನು ಸಪ್ಲೈಯರ್ ಎಂದುಕೊಂಡು, ಒಂದು ಲೋಟ ಬಿಸಿನೀರು ತರಲು ಹೇಳಿದರು. ದೊಡ್ಡವರ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಆತ ತರಲು ಹೋದ.

ದೂಬಿಯಕ್ಕನಿಗೆ ಆಗ ಬಂದದ್ದು ಸಿಟ್ಟು. ಬೆಳಗಿನಿಂದ ಹಲಗೆಯ ಮುಂದೆ ನಿಂತು ನುಂಗಿದ್ದೆಲ್ಲ ಗಂಟಲಿಗೆ ಬಂತು. ಇದ್ದೊಂದು ಕೆಲಸ ಹೇಗೂ ಹೋಯಿತು, ಹೋಗುವ ಮುಂಚೆ ಒಂದು ಸಲ ತನ್ನ ಹಾಗೆ ಹಾಡಿಯೇ ಹೋಗುತ್ತೇನೆ ಎಂದುಕೊಂಡಳು. ಮೈಕಿನ ವಯರನ್ನು ತಾನೇ ಕಿತ್ತು ಪಕ್ಕಕ್ಕೆಸೆದಳು.

"ಅಣ್ಣ, ಎದ್ದೇಳು" ಎಂದಳು ಪಿಯಾನೋ ಕಡೆಗೆ. "ಎಲ್ಲಿಗೆ ಹೋಗ್ತೀನೋ ನಂಗೂ ಗೊತ್ತಿಲ್ಲ."

ಅವನಿಗೆ ನಿದ್ದೆ ಹಾರಿಹೋಯಿತು.

ಅದೇ ಪ್ರೇಮಗೀತೆ. ಆದರೆ ಮೊದಲ ಸಾಲಿನಲ್ಲೇ ಅದು ಬೇರೆ ದಾರಿ ಹಿಡಿಯಿತು. ಯಾರೋ ಕುರ್ಚಿ ಎಳೆದರು, ಅವಳು ಆ ಕರಕರ ಸದ್ದನ್ನು ಎತ್ತಿಕೊಂಡು ಅದನ್ನೇ ನಲ್ಲನ ಮುನಿಸು ಮಾಡಿದಳು. ಮಾಲೀಕರು ಕೆಮ್ಮಿದರು, ಕೆಮ್ಮಿಗೆ ತಾಳ ಕೊಟ್ಟಳು. ಅವರು ಇನ್ನೊಮ್ಮೆ ಕೆಮ್ಮಿದರು. ಅದಕ್ಕೆ ಎಷ್ಟು ಅಕ್ಕರೆಯಿಂದ ಸಮಾಧಾನ ಹೇಳಿದಳೆಂದರೆ ಮೂರನೆಯ ಸಲ ಅವರು ಬೇಕೆಂದೇ ಕೆಮ್ಮಿದರು. ಗಂಡ ನಡುಗುವ ತಟ್ಟೆಯಲ್ಲಿ ಲೋಟ ಕಿಣಿಕಿಣಿ ಎನ್ನಿಸುತ್ತ ಬಂದ. ಅವಳು ಅವನನ್ನು ನೋಡಿದಳು. ಆ ಕಿಣಿಕಿಣಿಯನ್ನು ಹಿಡಿದುಕೊಂಡು, ಇಷ್ಟು ವರ್ಷ ಕಂಬದ ಪಕ್ಕ ಕೂತು ಕಾದವನಿಗೆ ಹೇಳಬೇಕಾದ್ದನ್ನೆಲ್ಲ ಅರ್ಥವೇ ಇಲ್ಲದ ಅಕ್ಷರಗಳಲ್ಲಿ ಹೇಳಿಬಿಟ್ಟಳು. ಪಿಯಾನೋ ಅಣ್ಣ ನಗುತ್ತ ಹಿಂದೆ ಹಿಂದೆ ಓಡಿದ. ಜನ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ಮರೆತರು. ಗಂಡನಿಗೆ ತಾಳ ಎಲ್ಲಿದೆಯೆಂದು ಆಗಲೂ ತಿಳಿಯಲಿಲ್ಲ, ಆದರೂ ಕಣ್ಣು ತುಂಬಿ ಬಂತು.

ಹಾಡು ನಿಂತಾಗ ಊಟಕ್ಕೆ ಕೂತವರೆಲ್ಲ ಎದ್ದು ನಿಂತಿದ್ದರು. ಮಾಲೀಕರು ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. "ಇದು" ಎಂದರು. "ನನಗೆ ಬೇಕಾಗಿದ್ದದ್ದು ಇದು." ಹುಟ್ಟಿದಂದಿನಿಂದ ಕಾಯುತ್ತಿದ್ದ ಮಾತು ಅದೇ ಎಂಬಂತೆ ದೂಬಿಯಕ್ಕ ಕೈ ಮುಗಿದಳು. ಇನ್ನು ಶನಿವಾರ ಮಾತ್ರವಲ್ಲ, ದಿನಾ ಸಂಜೆ ನೀವೇ ಹಾಡಬೇಕು ಎಂದರು ಮಾಲೀಕರು. ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಮ್ಯಾನೇಜರ್ ಕಡೆ ತಿರುಗಿದರು.

"ಹಿಡ್ಕೊಂಡೆಯೇನಯ್ಯ?"

"ಮೊದಲಿಂದ ಕೊನೆತನಕ ಫೋನಲ್ಲಿದೆ ಸಾರ್."

"ಹಾಗಾದ್ರೆ ನಾಳೆಯಿಂದ ಇದೇ ಇರಲಿ. ಒಂದಕ್ಷರ ಆಚೀಚೆ ಆಗ್ಬಾರ್ದು." ಬಾಗಿಲ ತನಕ ಹೋದವರು ಏನೋ ನೆನೆಸಿಕೊಂಡು ನಿಂತರು. "ಕೆಮ್ಮಿಗೆ ನಾನು ದಿನಾ ಬರೋಕಾಗಲ್ಲ. ಅದಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ದೂಬಿಯಕ್ಕ ಪಿಯಾನೋದ ಮೇಲೆ ಕೈಯೂರಿ ನಿಧಾನವಾಗಿ ಕೂತಳು.

"ಅಣ್ಣ, ನಾನು ಈಗ ಏನು ಹಾಡಿದೆ?"

"ನಂಗೇನು ಗೊತ್ತು? ನಾನು ನಿನ್ನ ಹಿಂದೆ ಓಡಿ ಬರ್ತಿದ್ದೆ."

ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಕುಂಟುತ್ತ ವೇದಿಕೆಯ ಹತ್ತಿರ ಬಂದಿದ್ದರು. ಮುಖದಲ್ಲಿ ಹೇಳತೀರದ ಉತ್ಸಾಹ. ನಾಳೆ ಬೆಳಿಗ್ಗೆ ಬೇಗ ಶುರುಮಾಡೋಣಮ್ಮ, ಇದು ಅದಕ್ಕಿಂತ ಸ್ವಲ್ಪ ಉದ್ದ ಇದೆ ಎಂದರು. ಮತ್ತೆ ಕಂಬದ ಹಿಂದೆ ಹೋಗಿ ನಿಂತಿದ್ದ ಗಂಡ ಆಗಲೇ ಎದೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೆಮ್ಮಿ ನೋಡುತ್ತಿದ್ದ.