ಹೂಂ ಅಂದ ಮೇಲೆ ಮುಂದಿನ ಸಾಲು

ನಮ್ಮ ಕಾಕಾ ಜೀವಮಾನದಲ್ಲಿ ಯಾರನ್ನೂ ಬೆನ್ನ ಹಿಂದೆ ಬೈದವರಲ್ಲ. ಎದುರಿಗೇ ಬೈಯುತ್ತಿದ್ದರು! ತಪ್ಪು ಕಂಡರೆ ಮಾಡಿದವನಿಗೇ ಹೇಳಬೇಕು, ಬೇರೆಯವರ ಮುಂದೆ ಹೇಳಿದರೆ ಅದು ಚಾಡಿ ಎಂಬುದು ಅವರ ಸಿದ್ಧಾಂತ. ಮುಂಡರಗಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿಯ ಗಿರ್ಮಿಟ್ಟಿಗೆ ಉಪ್ಪು ಕಡಿಮೆಯಾದರೆ ತಂದುಕೊಟ್ಟವನಿಗೆ ಹೇಳಿ ಸುಮ್ಮನಾಗುತ್ತಿದ್ದರೇ? ಛೆ! ಸೀದಾ ಒಳಗೆ ನುಗ್ಗಿ, ಕಲಸಿದವನನ್ನು ಹುಡುಕಿ, "ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಚಲೋ?" ಎಂದು ವಿಚಾರಿಸಿ, ಆಮೇಲೆ ಉಪ್ಪಿನ ವಿಷಯ ಎತ್ತುತ್ತಿದ್ದರು. ಅಷ್ಟರಲ್ಲಿ ನಮ್ಮ ಬಸ್ಸು ಹೋಗಿರುತ್ತಿತ್ತು.

ಬೆಟಗೇರಿಯಲ್ಲಿ ಅವರದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಲಕ್ಷ್ಮೇಶ್ವರ, ಶಿರಹಟ್ಟಿಯ ಮದುವೆಗಳಲ್ಲಿ "ಹಲೋ, ಮೈಕ್ ಟೆಸ್ಟಿಂಗ್" ಎಂದು ಕೂಗುತ್ತಿದ್ದ ಗಂಟಲೇ ಸಂಜೆ ಅವರ ಹೆಂಡತಿ, ನಮ್ಮ ಚಿಗವ್ವನಿಗೆ ಕಾದಂಬರಿ ಓದಿ ಹೇಳುತ್ತಿತ್ತು. ಚಿಗವ್ವನಿಗೆ ಕಣ್ಣು ಮಂಜಾಗಿ ಬಹಳ ವರ್ಷಗಳಾಗಿದ್ದವು. ಕಾಕಾ ಒಂದು ಸಾಲು ಓದುವುದು, ಅವಳು "ಹೂಂ" ಅನ್ನುವುದು, ಆಮೇಲೆ ಮುಂದಿನ ಸಾಲು. ಕೇಳುವವರು ಹೂಂ ಅನ್ನದೆ ಕಥೆ ಮುಂದಕ್ಕೆ ಹೋಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಚಿಕ್ಕವನಿದ್ದಾಗ ಆ ಹೂಂ ಕೇಳುತ್ತಲೇ ನಾನು ಎಷ್ಟೋ ಸಲ ಪಡಸಾಲೆಯಲ್ಲೇ ನಿದ್ದೆ ಹೋಗಿದ್ದೇನೆ. ಎಂಥ ಸುಖದ ನಿದ್ದೆ ಅದು! ಈಗ ಹುಡುಕಿದರೂ ಸಿಗುವುದಿಲ್ಲ.

ಹೀಗಿರುವಾಗ ಕಾಕಾರ ಗಂಟಲು ಕೈಕೊಟ್ಟಿತು. ಇನ್ನು ಗಟ್ಟಿಯಾಗಿ ಓದುವುದು ಬಂದ್ ಎಂದರು ಡಾಕ್ಟರು. ಹುಲಕೋಟಿಯಲ್ಲಿ ಕಂಪ್ಯೂಟರ್ ಕಲಿಸುವ ನಾನು, ಕನ್ನಡ ಪುಸ್ತಕವನ್ನು ತಾನೇ ಓದಿ ಹೇಳುವ ಒಂದು ತಂತ್ರಾಂಶ ಹಾಕಿಕೊಟ್ಟೆ. ಎಲ್ಲೆಲ್ಲಿಯವರೋ ಸೇರಿ ಪುಕ್ಕಟೆಯಾಗಿ ಮಾಡಿ, ಯಾರು ಬೇಕಾದರೂ ತಿದ್ದಲಿ ಎಂದು ಅದರ ಕೋಡನ್ನು ತೆರೆದಿಟ್ಟಿದ್ದರು. ಚಿಗವ್ವ ಒಂದು ಪುಟ ಕೇಳಿದಳು. "ಇದು ಬ್ಯಾಡೋ ತಮ್ಮಾ. ನಾ ಹೂಂ ಅಂದ್ರೂ ಅಷ್ಟ, ಅನ್ನದಿದ್ರೂ ಅಷ್ಟ. ತನ್ನ ಪಾಡಿಗೆ ತಾ ಓಡತೈತಿ" ಎಂದು ಎದ್ದು ಹೋದಳು. ಅವತ್ತಿನಿಂದ ಆ ಮನೆಯಲ್ಲಿ ಓದು ನಿಂತಿತು. ಕಾಕಾಗೆ ಅದೊಂದನ್ನು ತಡೆದುಕೊಳ್ಳಲಾಗಲಿಲ್ಲ.

"ಲೇ, ಇದನ್ನ ಮಾಡಿದವರಿಗೇ ಬರಿ" ಎಂದರು ಪಿಸುದನಿಯಲ್ಲಿ. "ಮೊದಲ ಹಿಂಗ ಬರಿ: ಮನಿ ಮಂದಿ ಎಲ್ಲಾ ಆರಾಮ ಅದಾರಿಲ್ಲೋ?"

"ಕಾಕಾ, ಇದು ಬಗ್ ರಿಪೋರ್ಟ್, ತಪ್ಪು ತಿಳಿಸೋ ಫಾರ್ಮು. ಕ್ಷೇಮಸಮಾಚಾರ ಬರಿಯಾಂಗಿಲ್ಲ."

"ಪುಕ್ಕಟ ಕೆಲಸಾ ಮಾಡತಾರ ಪಾಪ. ಕೇಳಿದ್ರ ನಿನ್ನ ಗಂಟೇನ ಹೋಗತೈತಿ?"

ಆ ಫಾರ್ಮಿನಲ್ಲಿ, ಏನೇನು ಮಾಡಿದಾಗ ದೋಷ ಕಾಣುತ್ತದೆ, ಹಂತ ಹಂತವಾಗಿ ತಿಳಿಸಿ ಎಂದಿತ್ತು. ಕಾಕಾ ಬರೆಸಿದರು: ಹೆಂಡತಿಯನ್ನು ಕೂಡಿಸಬೇಕು. ಚಹಾ ಕೊಡಬೇಕು. ಪುಸ್ತಕ ಹಚ್ಚಬೇಕು. ಆಕೆ ಎದ್ದು ಹೋಗುತ್ತಾಳೆ. ಅದನ್ನೇ ಇಂಗ್ಲಿಷಿಗೆ ಹಾಕಿ ಕಳಿಸಿದೆ. ಯಾವುದೋ ಚಳಿದೇಶದ ತರುಣ ಉತ್ತರಿಸಿದ: "ನನ್ನ ಕಂಪ್ಯೂಟರಿನಲ್ಲಿ ಈ ದೋಷ ಕಾಣಲಿಲ್ಲ. ನನಗೆ ಮದುವೆಯಾಗಿಲ್ಲ."

ಕಾಕಾರ ಕರುಳು ಚುರ್ ಎಂದಿತು. "ಹಿರೇವಡ್ಡಟ್ಟಿಯೊಳಗ ಒಂದು ಕನ್ಯಾ ಐತಿ ಅಂತ ಬರಿ!"

ಅದನ್ನು ಮಾತ್ರ ನಾನು ಬರೆಯಲಿಲ್ಲ. ಕೊನೆಗೆ ಆ ತರುಣ, ಹೂಂಗೆ ಕಾಯದಿರುವುದು ದೋಷವೇ ಅಲ್ಲ, ಬೇಕೆಂದರೆ ನೀವೇ ಕೋಡ್ ಬರೆದು ಕಳಿಸಿ ಎಂದ. ಶುರುವಾಯಿತು ನೋಡಿ ನನ್ನ ಗ್ರಹಚಾರ! ಕಾಕಾ ಮೈಕ್ ಜೋಡಿಸಿದರು, ನಾನು ಕೋಡ್ ಬರೆದೆ. ಮೈಕಿನಲ್ಲಿ ಹೂಂ ಕೇಳಿಸಿದರೆ ಮಾತ್ರ ಮುಂದಿನ ಸಾಲು. ಕಳಿಸಿದೆವು; ತಪ್ಪು ತೋರಿಸಿ ವಾಪಸ್ ಕಳಿಸಿದರು. ತಿದ್ದಿದೆವು, ಮತ್ತೆ ವಾಪಸ್. ನನಗೆ ಸಿಟ್ಟು, ಕಾಕಾಗೆ ಹಿಗ್ಗು. "ಎಷ್ಟ ಚಂದ ಮಾರಿ ಮುಂದ ಹೇಳತಾರ ನೋಡ! ಖರೆ ಅಂದ್ರ ನಮ್ಮ ಮಂದಿ ಇವರು!" ಒಂದು ದಿನ ಕುಕ್ಕರಿನ ಸೀಟಿಯನ್ನೇ ಹೂಂ ಎಂದು ತಿಳಿದು ಯಂತ್ರ ಓಡತೊಡಗಿತು. ಕಾಕಾ ತಮ್ಮ ಕೋಡಿನ ಮೇಲೆ ತಾವೇ ದೂರು ಬರೆಸಿದರು. ಮೊದಲ ಸಾಲಿನಲ್ಲಿ ತಮ್ಮ ಆರೋಗ್ಯವನ್ನೇ ವಿಚಾರಿಸಿಕೊಂಡರು!

ಅಂತೂ ನಮ್ಮ ಕೋಡ್ ಒಪ್ಪಿಗೆಯಾಯಿತು. ಚಿಗವ್ವ ಕುಳಿತು ಕೇಳಿದಳು, ಕಾಕಾ ಓಣಿಗೆಲ್ಲ ಮಿರ್ಚಿ ಭಜಿ ಹಂಚಿದರು. ಆಮೇಲೆ ದಿನಾಲೂ ಸಂಜೆ ಆ ಪಡಸಾಲೆಯಲ್ಲಿ ಮತ್ತೆ ಹೂಂ ಕೇಳುತ್ತಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ತಿಂಗಳುಗಟ್ಟಲೆ ಚಿಗವ್ವ ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ. ಮೊನ್ನೆ ತಾನಾಗಿಯೇ "ಹಚ್ಚೋ ತಮ್ಮಾ" ಅಂದಳು. ಹಚ್ಚಿದೆ. ಯಂತ್ರ ಒಂದು ಸಾಲು ಓದಿ ನಿಂತಿತು. ಚಿಗವ್ವ ಹೂಂ ಅನ್ನಲಿಲ್ಲ. ಅದು ಕಾಯುತ್ತಲೇ ಇತ್ತು. ನನಗೆ ತಡೆಯಲಾಗದೆ ನಾನೇ ಹೂಂ ಅನ್ನಲು ಬಾಯಿ ತೆರೆದೆ. ಚಿಗವ್ವ ನನ್ನ ಕೈ ಹಿಡಿದಳು.

"ತಡಿ. ಅವರೂ ಹಿಂಗ ಕಾಯತಿದ್ರು."