ಮೂರು ಸಾಲಿಗೊಂದು ಸಹಿ

ಎಲ್ಲಕ್ಕೂ ಕಾರಣ ಸಂಶೋಧನೆಯ ಜೊತೆ ಸಲ್ಲಿಸಬೇಕಾದ ನಮೂನೆಯಲ್ಲಿದ್ದ ಒಂದು ಖಾಲಿ ಜಾಗ: ‘ಈ ಅನುವಾದ ನನಗೆ ಯಾವ ಕೆಲಸಕ್ಕೆ ಬಂತು? ಓದುಗರ ಸಹಿ.’

ಸಂಶೋಧಕ ಕುರ್‌ಆನಿನ ಮೂರೇ ಸಾಲಿನ ಅಧ್ಯಾಯವೊಂದನ್ನು ಅನುವಾದಿಸಿದ್ದ. ಕಾಲದ ಆಣೆ, ಮನುಷ್ಯ ನಷ್ಟದಲ್ಲಿದ್ದಾನೆ. ನಂಬಿ, ಒಳಿತು ಮಾಡಿ, ಒಬ್ಬರಿಗೊಬ್ಬರು ಸತ್ಯವನ್ನೂ ತಾಳ್ಮೆಯನ್ನೂ ಬೋಧಿಸುವವರ ಹೊರತು.

ಮಾರ್ಗದರ್ಶಕಿಯದು ಒಂದೇ ಪಟ್ಟು. “ಅನುವಾದ ಚೆನ್ನಾಗಿದೆಯಾ ಅನ್ನೋದು ಆಮೇಲೆ. ಯಾರಿಗೆ, ಯಾತಕ್ಕೆ ಅನ್ನೋದು ಮೊದಲು. ಸಂಜೆ ಐದರೊಳಗೆ ಒಬ್ಬ ಓದುಗರ ಸಹಿ ಬರದಿದ್ರೆ ನಿನ್ನ ಸಂಶೋಧನೆ ಅಲ್ಲಿಗೆ ಮುಗೀತು.”

ಅವನ ಮನೆಯ ಕೆಳಗಿನ ಅಂಗಡಿಯ ದರ್ಜಿ ಓದಿ ಕಣ್ಣರಳಿಸಿದ. “ಭೇಷ್! ಗೋಡೆಗೆ ಹಾಕ್ತೀನಿ. ಸತ್ಯ ಸ್ವಲ್ಪ ಸಣ್ಣಕ್ಷರದಲ್ಲಿರಲಿ, ತಾಳ್ಮೆ ಮಾತ್ರ ಇಷ್ಟು ದಪ್ಪಗೆ ಬರೀರಿ. ಕಾಯೋ ಗಿರಾಕಿಗಳಿಗೆ ಕಾಣಬೇಕು.”

“ಸಹಿ?”

“ನಾಳೆ ರೆಡಿ ಇರುತ್ತೆ.”

ಸಂಶೋಧಕ ಮನೆಗೆ ಓಡಿದ. ಮೂಲವನ್ನು ತೆರೆದು ಗಟ್ಟಿಯಾಗಿ ಓದಿದ, ತಿದ್ದಿದ, ಮತ್ತೆ ಓದಿದ. ಅವನನ್ನು ಸಾಕಿದ ದೊಡ್ಡಮ್ಮ ಕಿಟಕಿಯ ಬಳಿ ದಿಂಬಿನ ಚೀಲ ಹೊಲಿಯುತ್ತ ಕೂತಿದ್ದಳು.

ಎದುರುಮನೆಯ ವಕೀಲರು ಹಾಳೆಯನ್ನು ಬೆಳಕಿಗೆ ಹಿಡಿದರು. “‘ಹೊರತು’ ಅಂದುಬಿಟ್ರೆ ಆಯ್ತೇನ್ರೀ? ಯಾರ್ಯಾರು, ಎಷ್ಟರ ಮಟ್ಟಿಗೆ? ಉಪವಿಧಿ ಹಾಕಿ.”

ಮತ್ತೆ ಮನೆ, ಮತ್ತೆ ಮೂಲ, ಮತ್ತೆ ಗಟ್ಟಿ ಓದು. ಮೂರು ಸಾಲು ಬಾಡಿಗೆ ಕರಾರಿನಂತೆ ನಾಲ್ಕು ಪುಟಕ್ಕೆ ಹಬ್ಬಿತು. ವಕೀಲರು ತೂಗಿ ನೋಡಿದರು. “ಈಗ ಸರಿಯಾಯ್ತು. ಆದ್ರೆ ಓದದೆ ನಾನು ಯಾವುದಕ್ಕೂ ಸಹಿ ಹಾಕಲ್ಲ. ಓದೋಕೆ ಪುರುಸೊತ್ತಿಲ್ಲ.”

ನಾಲ್ಕೂವರೆಗೆ ಅವನು ಹಿಂಡಿದ ಬಟ್ಟೆಯಂತೆ ಕುರ್ಚಿಗೆ ಬಿದ್ದ. ದೊಡ್ಡಮ್ಮ ಕೈ ಚಾಚಿದಳು. “ಕೊಡಪ್ಪ, ನಾನು ಹಾಕ್ತೀನಿ.”

“ನಿನಗೆ ಮೂಲವೇ ಬಾಯಿಪಾಠ. ನಿನಗ್ಯಾಕೆ ಅನುವಾದ?”

“ಕೆಲಸಕ್ಕೆ ಬಂತು ಕಣೋ.” ನಿಧಾನವಾಗಿ ಬರೆದು ಸಹಿ ಹಾಕಿದಳು. ಅವನು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು ಓಡಿದ.

ಮಾರ್ಗದರ್ಶಕಿ ಜೋರಾಗಿ ಓದಿದರು: “‘ಮೂರು ವರ್ಷದಿಂದ ಮನೆಯಲ್ಲಿ ಕುರ್‌ಆನ್ ಗಟ್ಟಿಯಾಗಿ ಓದದ ಹುಡುಗ ಇವತ್ತು ಹದಿನೇಳು ಸಲ ಓದಿದ. ನಾನು ಎಣಿಸಿದೆ. ನನ್ನ ಉದ್ದೇಶ ನೆರವೇರಿತು.’”

ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು.

“ಅಂದ್ರೆ ಇದರ ಓದುಗ ನೀನೇ,” ಎಂದರು ಅವರು ಮೆಲ್ಲಗೆ. “ಅನುವಾದಕ ತಾನೇ ಓದುಗನಾಗೋ ಹಾಗಿಲ್ಲ. ಇದು ನಡೆಯಲ್ಲ. ನಿಮ್ಮ ದೊಡ್ಡಮ್ಮನ ಮುಖ ನೋಡಿ ಒಂದು ವಾರ ಕೊಡ್ತೀನಿ. ಬೇರೆ ಅಧ್ಯಾಯ, ಬೇರೆ ಸಹಿ.”

ಸೋತು ಬಂದವನ ಎದೆ ಯಾಕೋ ಹಗುರವಾಗಿತ್ತು. ಸುದ್ದಿ ಕೇಳಿದ ದೊಡ್ಡಮ್ಮನ ಮುಖ ಅರಳಿತು.

“ಒಂದು ವಾರ ಕೊಟ್ರಾ? ಪುಣ್ಯಾತ್ಗಿತ್ತಿ! ಈ ಸಲ ಸ್ವಲ್ಪ ಉದ್ದದ್ದು ತಗೋ.”